ಚಾವಣಿಯ ಮೇಲೆ ಹಸಿರು ಗೆರೆ

ಬಾಗಿಲ ಹಿಡಿಗೆ ನೇತುಬಿದ್ದಿದ್ದ ಉಕ್ಕಿನ ಪುಟ್ಟ ಪೆಟ್ಟಿಗೆ ಟಕ್ ಎಂದು ಬಾಯಿ ತೆರೆಯಿತು. ಒಳಗಿದ್ದ ಕೀಲಿ ಅವಳ ಅಂಗೈಗೆ ಜಾರಿತು.

"ತೆಗೀತಾ?" ಹಿಂದಿನಿಂದ ಅತ್ತೆ ಕೇಳಿದರು.

"ತೆಗೀತು ಅತ್ತೆ! ನೋಡಿ, ನನ್ನ ನಂಬರಿಗೇ ತೆಗೀತು!"

"ಇಷ್ಟಕ್ಕೇ ಹೀಗೆ ಕುಣೀತಿದೀಯಲ್ಲೇ. ಮಗ ಹುಟ್ಟಿದಾಗಲೂ ನಿನ್ನ ಮುಖದಲ್ಲಿ ಇಷ್ಟು ನಗು ಕಂಡಿರಲಿಲ್ಲ."

"ಆಗ ಹೊಟ್ಟೆಗೆ ಹೊಲಿಗೆ ಹಾಕಿದ್ರು ಅತ್ತೆ. ನಕ್ಕರೆ ಬಿಚ್ಚಿಹೋಗ್ತಿತ್ತು."

ಬೀದಿಯವರು ಅವಳನ್ನು ಕೀಲಿಯಮ್ಮ ಎನ್ನುತ್ತಿದ್ದರು. ಹಳೇ ಮನೆ ಕೊಂಡು, ನಲ್ಲಿ ಸೋರುವುದನ್ನು ನಿಲ್ಲಿಸಿ, ಗೋಡೆಗೆ ಬಣ್ಣ ಹೊಡೆಸಿ, ಬಾಡಿಗೆಗೆ ಕೊಡುವುದೋ ಮಾರುವುದೋ ಅವಳ ಕಸುಬು. ಕೈಚೀಲದಲ್ಲಿ ಸದಾ ಒಂದು ಗೊಂಚಲು ಕೀಲಿ ಝಣಝಣ ಎನ್ನುತ್ತಿತ್ತು. ಆದರೆ ಅವೆಲ್ಲ ಕೊಂಡಾದ ಮನೆಗಳವು. ಕೊಳ್ಳಬೇಕೆಂದಿರುವ ಮನೆಯ ಒಳಗೆ ಕಾಲಿಡಬೇಕಾದರೆ ಯಾವನೋ ಬ್ರೋಕರ್ ಬರುವವರೆಗೆ ಗೇಟಿನಲ್ಲಿ ಒಂಟಿ ಕಾಲಲ್ಲಿ ಕಾಯಬೇಕಿತ್ತು. ಅವನು ಬಂದರೂ ಬಾತ್‌ರೂಮಿನ ಬಾಗಿಲು ತೆಗೆಯುವಷ್ಟರಲ್ಲಿ "ಬೇಗ ಮೇಡಂ, ಇನ್ನೊಂದು ಪಾರ್ಟಿ ಕಾಯ್ತಿದೆ" ಅನ್ನುತ್ತಿದ್ದ.

ಇವತ್ತು ಬೆಳಿಗ್ಗೆ ಮಗನ ಡಬ್ಬಿ ತುಂಬುತ್ತಿದ್ದಾಗ ಮನೆ ಮಾರಾಟದ ಲೈಸೆನ್ಸ್ ಬಂದಿತ್ತು, ಮೊಬೈಲಿಗೆ. ಅವಳು ಓದಿ ಮುಗಿಸುವಷ್ಟರಲ್ಲಿ ಬ್ರೆಡ್ಡು ಕರಕಲಾಗಿತ್ತು. ಮಗ ಕರಕಲನ್ನೇ ಡಬ್ಬಿಗೆ ಹಾಕಿಸಿಕೊಂಡು ಹೋದ. ಅಮ್ಮ ಪಾಸಾಗಿದ್ದಾಳೆ ಎಂದು ಶಾಲೆಯಲ್ಲಿ ಹೇಳಬೇಕಿತ್ತು ಅವನಿಗೆ.

ಇನ್ನು ಯಾವ ಬ್ರೋಕರನ ದಾರಿಯೂ ಕಾಯಬೇಕಿಲ್ಲ. ಮಾರಾಟಕ್ಕಿರುವ ಯಾವ ಮನೆಯ ಕೀಲಿಪೆಟ್ಟಿಗೆಯಾದರೂ ಅವಳ ಲೈಸೆನ್ಸ್ ನಂಬರಿಗೆ ತೆರೆದುಕೊಳ್ಳುತ್ತದೆ. ಅವಳು ಮೊದಲು ಆರಿಸಿಕೊಂಡಿದ್ದು ಈ ಮನೆ. ಗೇಟು ಒಂದೇ ಕೀಲಿನ ಮೇಲೆ ವಾಲಿಕೊಂಡಿದ್ದ, ಅವಳಿಗೆ ಎಳ್ಳಷ್ಟೂ ಬೇಡದ ಮನೆ.

"ಬೇಡದ ಮನೆ ನೋಡೋಕೆ ನನ್ನ ಮೊಣಕಾಲು ಯಾಕೆ ಸವೆಸ್ತೀಯಾ?" ಅತ್ತೆ ಗೊಣಗುತ್ತಾ ಒಳಗೆ ಬಂದರು.

"ಬಲೆ ಹಾಕಿದೀನಿ ಅತ್ತೆ. ಏನಾದ್ರೂ ಬಿದ್ದಿದೆಯಾ ನೋಡೋಣ."

ಲೈಸೆನ್ಸಿನ ತರಗತಿಗೆ ಸೇರಿದಂದಿನಿಂದ, ಅವಳು ಕಣ್ಣಿಟ್ಟ ಮನೆಗಳು ಒಂದರ ಹಿಂದೊಂದು, ಅವಳಿನ್ನೂ ಬೆಲೆ ಹೇಳುವ ಮೊದಲೇ, ಹೆಸರು ಹೊರಗೆ ಬಾರದ ಯಾರೋ ಒಬ್ಬರ ಪಾಲಾಗುತ್ತಿದ್ದವು. ಕೊಂಡವರು ಬಾಡಿಗೆಯವರನ್ನೆಲ್ಲ ಎಬ್ಬಿಸಿ ಬಾಗಿಲಿಗೆ ಬೀಗ ಜಡಿಯುತ್ತಿದ್ದರು. ಅಷ್ಟೇ. ಬಣ್ಣವಿಲ್ಲ, ಬಾಡಿಗೆಯಿಲ್ಲ, ಮಾರಾಟವಿಲ್ಲ.

ಹೋಗಲಿ ಎಂದು ಬಿಡಬಹುದಿತ್ತು. ಆದರೆ ಇವತ್ತು ಸಂಜೆ ಮೂಲೆಮನೆಯ ಮಾಲೀಕರು ಮನೆಯನ್ನು ಯಾರಿಗೆ ಕೊಡುವುದೆಂದು ತೀರ್ಮಾನ ಮಾಡುವವರಿದ್ದರು. ಮೂಲೆಮನೆಯ ಕೆಳಗಿನ ಅಂಗಡಿಯಲ್ಲಿ ಅವಳ ಅಕ್ಕ ಬಟ್ಟೆ ಹೊಲಿಯುತ್ತಿದ್ದಳು. ಅಮ್ಮ ಹೋದ ಮೇಲೆ ಅವಳನ್ನು ಓದಿಸಿ, ಮದುವೆ ಮಾಡಿ, ಬಾಣಂತನವನ್ನೂ ಮಾಡಿದ ಅಕ್ಕ. ಆ ಮನೆಯೂ ಅದೇ ಕೈಗೆ ಹೋದರೆ ಅಕ್ಕ ಯಂತ್ರ ಹೊತ್ತುಕೊಂಡು ಬೀದಿಗೆ ಬೀಳಬೇಕು. ಅದಾಗಕೂಡದು. ಆ ಕೈ ಯಾರದೆಂದು ಸಂಜೆಯೊಳಗೆ ತಿಳಿಯಬೇಕು.

ಹಿಂದಿನ ಕೋಣೆಯ ಬಾಗಿಲು ನೂಕಿದಳು. ತಲೆ ಎತ್ತಿದಳು.

ಕಿಟಕಿಯ ಮಗ್ಗುಲಲ್ಲಿ, ಚಾವಣಿಯ ಹಲಗೆಯಲ್ಲಿ, ಒಂದು ತಲೆ ತೂರುವಷ್ಟು ಚೌಕನೆಯ ತೂತು. ನೆಲದ ಮೇಲೆ ಬಿಳಿ ಪುಡಿ.

ಕೀಲಿಯಮ್ಮ ಜೋರಾಗಿ ನಕ್ಕುಬಿಟ್ಟಳು. ಖಾಲಿ ಮನೆಯಲ್ಲಿ ನಗು ಅಡುಗೆಮನೆಯವರೆಗೆ ಹೋಗಿ ವಾಪಸು ಬಂತು.

"ಏನೇ ಅದು? ಮೇಲೆ ಏನಾದ್ರೂ ಇದೆಯಾ?"

"ಏನೂ ಇಲ್ಲ ಅತ್ತೆ! ಅದೇ ಖುಷಿ!"

ತರಗತಿಯಲ್ಲಿ ಒಂದು ಪದ್ಧತಿಯಿತ್ತು. ಪ್ರತಿಯೊಬ್ಬರೂ ನಿಜವಾದ ಒಂದು ಮನೆಯನ್ನು ಹುಡುಕಿ ತಂದು, ಎದ್ದು ನಿಂತು, ಅದರ ಗುಣದೋಷ ಹೇಳಿ, ಸರಿಯಾದ ಬೆಲೆ ಬೋರ್ಡಿನ ಮೇಲೆ ಬರೆದು, ಉಳಿದವರಿಗೆ 'ಮಾರಬೇಕು'. ಮನೆ ಕೊಳ್ಳುವ ಹುಚ್ಚಿದ್ದವರಿಗೆ ತಲೆಯಲ್ಲಿ ಬೇರೆ ಮನೆ ಎಲ್ಲಿರುತ್ತದೆ? ಅವಳು ತಾನು ಕೊಳ್ಳಬೇಕೆಂದಿದ್ದ ಮನೆಗಳನ್ನೇ ಒಂದೊಂದಾಗಿ ತಂದಿದ್ದಳು. ಚಪ್ಪಾಳೆ ಗಿಟ್ಟಿಸಿದ್ದಳು. ಮನೆ ಕಳೆದುಕೊಂಡಿದ್ದಳು. ಎರಡಕ್ಕೂ ನಂಟಿದೆ ಎಂದು ಹೊಳೆದದ್ದು ಪರೀಕ್ಷೆಯ ಕೋಣೆಯಲ್ಲಿ, ಬರೆಯುವುದನ್ನು ಬಿಟ್ಟು ಪೆನ್ನು ಕಚ್ಚುತ್ತಾ ಕೂತಾಗ.

ಪರೀಕ್ಷೆ ಮುಗಿದ ಮೇಲೂ ಲೈಸೆನ್ಸ್ ಬರುವ ತನಕ ಅಭ್ಯಾಸದ ಪಾಠ ನಡೆಯುತ್ತಿತ್ತು. ಕಳೆದ ಪಾಠದಲ್ಲಿ ಅವಳು ಈ ವಾಲಿದ ಗೇಟಿನ ಮನೆಯನ್ನು 'ಮಾರಿ'ದಳು. "ಹಿಂದಿನ ಕೋಣೆಯ ಚಾವಣಿ ಸುಳ್ಳು ಚಾವಣಿ. ಅದರ ಮೇಲೆ ಇನ್ನೊಂದು ಕೋಣೆಯಷ್ಟು ಎತ್ತರ ಅಡಗಿದೆ. ಮಾಲೀಕರಿಗೇ ಗೊತ್ತಿಲ್ಲ" ಎಂದು ಕಣ್ಣರಳಿಸಿ ಹೇಳಿದ್ದಳು.

ಅಪ್ಪಟ ಕಟ್ಟುಕಥೆ.

ಅಡುಗೆಮನೆಯಿಂದ ಸ್ಟೂಲು ತಂದು ಹತ್ತಿದಳು. ಮೊಬೈಲಿನ ಬೆಳಕು ಬಿಟ್ಟಳು. ಒಂದು ಗೇಣಿನ ಮೇಲೆ ಕಾಂಕ್ರೀಟು. ಜೇಡ ಒಂದು ಇವಳನ್ನು ನೋಡಿ ಬೇಸರದಿಂದ ಪಕ್ಕಕ್ಕೆ ಸರಿಯಿತು.

"ಬಣ್ಣದಣ್ಣನದೇ ಕೆಲಸ" ಎಂದರು ಅತ್ತೆ ಕೆಳಗಿನಿಂದ. "ನಿನ್ನ ಜತೆ ಕ್ಲಾಸಿಗೆ ಬರ್ತಾನಲ್ಲ, ಪೇಂಟರ್. ಏಣಿ ಇರೋದು ಅವನ ಹತ್ರ."

"ಒಂದು ನಿಮಿಷ ಇರಿ."

ತೂತಿನ ಅಂಚಿನ ಸುತ್ತ ಹಸಿರು ಗೆರೆ ಇತ್ತು. ಕೊರೆಯುವ ಮೊದಲು ಯಾರೋ ಚೌಕ ಎಳೆದುಕೊಂಡಿದ್ದರು. ಎಳೆದ ಮೇಲೆ ಕೈ ಸೊಟ್ಟಗೆ ಹೋಗಿ ಗೆರೆ ಬಿಟ್ಟು ಕೊರೆದಿದ್ದರು. ಅವಳು ಬೆರಳು ಎಂಜಲು ಮಾಡಿ ಉಜ್ಜಿದಳು. ನುಣುಪು ಬಣ್ಣದ ಮೇಲಿಂದ ಹಸಿರು ಪುಡಿಪುಡಿಯಾಗಿ ಎದ್ದು ಬಂತು.

"ಬಣ್ಣದಣ್ಣ ಅಲ್ಲ ಅತ್ತೆ."

"ಯಾಕಲ್ಲ?"

"ಗೋಡೆ ಕೆಲಸ ಮಾಡೋನು ಪೆನ್ಸಿಲ್ ಬಿಟ್ಟು ಬೇರೆ ಹಿಡಿಯಲ್ಲ. ಮಾರ್ಕರ್ ಶಾಯಿ ಎಷ್ಟು ಕೋಟು ಬಣ್ಣ ಹೊಡೆದರೂ ಮೇಲೆದ್ದು ಬರುತ್ತೆ. ನೆನಪಿದೆಯಾ, ನಿಮ್ಮ ಮೊಮ್ಮಗ ಬಾಡಿಗೆ ಮನೆ ಹಾಲಲ್ಲಿ ಸೂರ್ಯನ ಚಿತ್ರ ಬರೆದಿದ್ದ?"

"ಅಯ್ಯೋ, ಆ ಸೂರ್ಯ!"

"ಬಣ್ಣದಣ್ಣ ಬಳಿದೂ ಬಳಿದೂ ಸುಸ್ತಾದ. ಒಂದೊಂದು ಕೋಟು ಒಣಗಿದಾಗಲೂ ಮತ್ತೆ ಮೂಡ್ತಿತ್ತು. ಅವತ್ತಿಂದ ಅವನಿಗೆ ಮಾರ್ಕರ್ ಕಂಡ್ರೆ ಜ್ವರ ಬರುತ್ತೆ."

"ಮತ್ತೆ ಆ ನರ್ಸಮ್ಮ?"

"ಅವರು ರಾತ್ರಿ ಪಾಳಿ ಮುಗಿಸಿ ಬಂದು ಕ್ಲಾಸಲ್ಲಿ ಗೊರಕೆ ಹೊಡೀತಾರೆ. ನಾನು ಮನೆ ಮಾರಿದ್ದು ಅವರ ಕನಸಲ್ಲೂ ಬಂದಿರಲ್ಲ."

ಬೋರ್ಡಿಗೆ ಬರೆಯುವ ಹಸಿರು ಪೆನ್ನು. ಅಂಗಿ ಜೇಬಿನಲ್ಲಿ ಸದಾ ಒಂದು, ಜೇಬಿನ ತಳದಲ್ಲಿ ಅದರದೇ ಕಲೆ. ಅಲ್ಲದೆ ಆ ದಿನ ಪಾಠ ಮುಗಿದು ಎಲ್ಲರೂ ಮೆಟ್ಟಿಲಿಳಿಯುವಾಗ, ಒಬ್ಬರೇ ಒಬ್ಬರು ಅವಳನ್ನು ನಿಲ್ಲಿಸಿ ಮೆತ್ತಗೆ ಕೇಳಿದ್ದರು: "ಆ ಎತ್ತರ ಕೋಣೆಯ ಯಾವ ಮಗ್ಗುಲಲ್ಲಮ್ಮ?"

ಬಾಯಿಗೆ ಬಂದದ್ದನ್ನು ಹೇಳಿದ್ದಳು. ಕಿಟಕಿ ಮಗ್ಗುಲಲ್ಲಿ ಸಾರ್.

ಹಸಿರು ಅಂಟಿದ್ದ ಒಂದು ಚೂರನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಅವಳು ಸ್ಟೂಲಿನಿಂದ ಧುಮುಕಿದಳು.

"ನಡೀರಿ ಅತ್ತೆ. ಮೇಷ್ಟ್ರನ್ನ ನೋಡಬೇಕು."

"ಈಗಲೇ? ಮನೆಗೆ ಹೋಗಿ ಒಂದು ಲೋಟ ಚಹಾ ಕುಡಿದು..."

"ಈಗಲೇ!"

*

ತರಗತಿ ನಡೆಯುವುದು ಸೈಕಲ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಮೆಟ್ಟಿಲ ತುಂಬ ರಬ್ಬರಿನ ವಾಸನೆ. ಮೇಷ್ಟ್ರು ಒಬ್ಬರೇ ಬೋರ್ಡು ಒರೆಸುತ್ತಿದ್ದರು. ಎತ್ತರದ ಆಸಾಮಿ, ಬೋರ್ಡಿನ ಮೇಲಂಚು ಒರೆಸಲು ಅವರಿಗೆ ಹಿಮ್ಮಡಿ ಎತ್ತಬೇಕಾಗಿರಲಿಲ್ಲ.

"ಓಹೋ, ಬನ್ನಿ ಬನ್ನಿ! ಲೈಸೆನ್ಸ್ ಬಂತಂತೆ! ಸಿಹಿ ಎಲ್ಲಮ್ಮ?"

"ಸಿಹಿ ಆಮೇಲೆ ಸಾರ್. ಮೊದಲು ಒಂದು ಡೌಟು."

"ಪಾಸಾದ ಮೇಲೂ ಡೌಟಾ? ಕೇಳಿ."

ಅತ್ತೆ ಮೊದಲ ಬೆಂಚಿನಲ್ಲಿ ಉಸ್ಸೆಂದು ಕೂತರು. ಕೀಲಿಯಮ್ಮ ಕೂರಲಿಲ್ಲ.

"ಲೈಸೆನ್ಸ್ ಇರೋರು ತಮಗೇ ಒಂದು ಮನೆ ಕೊಳ್ಳಬೇಕು ಅಂದ್ರೆ ಏನು ಮಾಡಬೇಕು?"

"ಇದೇನಮ್ಮ, ಪರೀಕ್ಷೇಲೇ ಬಂದಿತ್ತಲ್ಲ. ಮಾಲೀಕರಿಗೆ ಮೊದಲ ಮಾತಿನಲ್ಲೇ ಹೇಳಬೇಕು. ನನಗೆ ಲೈಸೆನ್ಸ್ ಇದೆ, ಕೊಳ್ತಿರೋದು ನಾನೇ ಅಂತ. ಹೇಳದೆ ಕೊಂಡ್ರೆ ಲೈಸೆನ್ಸ್ ರದ್ದು."

"ಬೇರೆಯವರ ಹೆಸರಲ್ಲಿ ಕೊಂಡ್ರೆ?"

"ಆಗಲೂ ರದ್ದು. ಯಾಕೆ?"

ಅವಳು ಕರವಸ್ತ್ರ ಬಿಚ್ಚಿ ಚೂರನ್ನು ಮೇಜಿನ ಮೇಲಿಟ್ಟಳು. ಬಿಳಿಯ ಮೇಲೆ ಹಸಿರು.

ಮೇಷ್ಟ್ರ ಕೈ ತಾನಾಗಿಯೇ ಜೇಬಿನ ಪೆನ್ನನ್ನು ಮುಚ್ಚಿಕೊಂಡಿತು.

"ಏನಿದು?"

"ವಾಲಿದ ಗೇಟಿನ ಮನೆಯ ಚಾವಣಿ ಸಾರ್."

"ಯಾರೋ ಮಕ್ಕಳು ಗೀಚಿರಬೇಕು."

"ಚಾವಣಿ ಮೇಲೆ?" ಬೆಂಚಿನಿಂದ ಅತ್ತೆ. "ಯಾರ ಮಕ್ಕಳು, ಜಿರಾಫೆ ಮಕ್ಕಳಾ?"

ಮೇಷ್ಟ್ರು ಡಸ್ಟರು ಕೆಳಗಿಟ್ಟರು. ಕುರ್ಚಿ ಎಳೆದುಕೊಂಡು ಕೂತರು. ಆಮೇಲೆ ಅವರಿಗೆ ಬಂದದ್ದು ನಾಚಿಕೆಯಲ್ಲ, ಸಿಟ್ಟು.

"ಹೌದು, ನಾನೇ ಕೊರೆದೆ! ಏನೀಗ? ಏಣಿ ಬಾಡಿಗೆಗೆ ತಂದು, ಬೆವರು ಸುರಿಸಿ, ಕಣ್ಣಿಗೆಲ್ಲ ಪುಡಿ ಬಿದ್ದು ಕೊರೆದೆ. ಮೇಲೆ ಕೋಣೆ ಹಾಗಿರಲಿ, ಬೆಕ್ಕು ಮಲಗೋಕೂ ಜಾಗ ಇಲ್ಲ. ಕ್ಲಾಸಲ್ಲಿ ನಿಂತು ಸುಳ್ಳು ಹೇಳ್ತೀರಲ್ಲ, ನಿಮ್ಮ ಮೇಲೆ ಎಷ್ಟು ಅಭಿಮಾನ ಇಟ್ಕೊಂಡಿದ್ದೆ ನಾನು!"

"ಸುಳ್ಳು ಹೇಳಿದ್ದು ತಪ್ಪೇ ಸಾರ್. ಆದರೆ ಅದನ್ನ ನಂಬಿ ಏಣಿ ಹತ್ತಿದ್ದು ಯಾರು? ನನ್ನ ಮನೆಗಳನ್ನೆಲ್ಲ ಒಳಗೆ ಹಾಕ್ಕೊಂಡಿದ್ದು ಯಾರು?"

"ನಾನಾ?" ಮೇಷ್ಟ್ರು ನಕ್ಕರು. ನಗುವಿನಲ್ಲಿ ಸುಖವಿರಲಿಲ್ಲ. "ಈ ಮಹಡಿಯ ಬಾಡಿಗೆ ಕೇಳೋಕೆ ಬಂದ್ರೆ ಸೈಕಲ್ ಅಂಗಡಿಯೋನಿಗೆ ನಾನು ಬಾತ್‌ರೂಮಲ್ಲಿದೀನಿ ಅಂತ ಹೇಳಿಸ್ತೀನಿ. ನಾನು ಮನೆ ಕೊಳ್ತೀನಾ? ನನಗೊಬ್ಬರು ಗಿರಾಕಿ ಇದಾರಮ್ಮ. ಅವರ ಪರವಾಗಿ ನೋಡ್ತೀನಿ, ಅವರ ಪರವಾಗಿ ಬೆಲೆ ಹೇಳ್ತೀನಿ. ಅಷ್ಟೇ."

"ಯಾರು?"

"ಹೇಳಲ್ಲ. ಗಿರಾಕಿ ಹೆಸರು ಬಿಟ್ಟುಕೊಟ್ರೆ ನನ್ನ ಲೈಸೆನ್ಸ್ ಹೋಗುತ್ತೆ. ನೀವೂ ಈಗ ಲೈಸೆನ್ಸ್ ಇರೋರು. ಈ ಪಾಠ ನಾನೇ ಮಾಡಿದ್ದು."

"ಕ್ಲಾಸಲ್ಲಿ ನಿಮ್ಮನ್ನ ನಂಬಿ ಹೇಳಿದ್ದನ್ನ ಹೊರಗೆ ಮಾರ್ಕೊಂಡ್ರಲ್ಲ ಸಾರ್, ಅದು ಯಾವ ಪಾಠ?"

"ನಂಬಿ ಅಂತ ನಾನು ಹೇಳಿದ್ನಾ?" ಮೇಷ್ಟ್ರು ಮೇಜಿನ ಮೇಲೆ ಬಾಗಿದರು. "ಒಂದು ಮನೆ ತನ್ನಿ ಅಂದೆ. ಯಾವುದಾದ್ರೂ ಹಾಳು ಗೋದಾಮು ತರಬಹುದಿತ್ತು. ಪೇಂಟರ್ ತನ್ನ ಮಾವನ ಮನೆ ತಂದ, ಅದು ಮಾರಾಟಕ್ಕೇ ಇಲ್ಲ. ನೀವು? ಬಾಯಲ್ಲಿ ನೀರೂರಿಸಿಕೊಂಡು, ಕೊಳ್ಳಬೇಕು ಅಂತಿದ್ದ ಮನೆಯನ್ನೇ ತಂದು, ಎಷ್ಟಕ್ಕೆ ಕೊಳ್ತೀರ ಅನ್ನೋದನ್ನೂ ಬೋರ್ಡ್ ಮೇಲೆ ದಪ್ಪಕ್ಷರದಲ್ಲಿ ಬರೆದ್ರಿ. ಪ್ರತಿ ಸಲವೂ ಕೊಳ್ಳೋ ಚಪಲ ಇರೋ ಒಬ್ಬರು ಕ್ಲಾಸಿಗೆ ಬರ್ತಾರೆ, ಪ್ರತಿ ಸಲವೂ ಇದೇ ಮಾಡ್ತಾರೆ. ನಾನು ಕಿವಿ ಮುಚ್ಕೋಬೇಕಿತ್ತಾ?"

ಅವಳಿಗೆ ಕೆನ್ನೆಗೆ ಹೊಡೆದಂತಾಗಿತ್ತು. ಏಕೆಂದರೆ ಅದು ನಿಜವಾಗಿತ್ತು.

ಮೇಷ್ಟ್ರಿಗೆ ಗೆದ್ದ ಹುಮ್ಮಸ್ಸು. ಗೆದ್ದವರು ಒಂದು ಮಾತು ಹೆಚ್ಚಿಗೆ ಆಡುತ್ತಾರೆ.

"ಬಿಡಿ, ಯಾಕೆ ಜಗಳ. ಇವತ್ತು ಸಂಜೆ ಆ ಮೂಲೆಮನೆ ಒಂದು ಮುಗಿದುಬಿಟ್ರೆ ಅವರಿಗೂ ನನಗೂ ಋಣ ತೀರಿತು. ಆಮೇಲೆ ನಿಮ್ಮ ದಾರಿಗೆ ಯಾರೂ ಅಡ್ಡ ಬರಲ್ಲ."

ಕೆಳಗೆ ಯಾರೋ ಸೈಕಲ್ ಚಕ್ರ ತಿರುಗಿಸಿದ ಸದ್ದು. ಅವಳು ಮೇಜಿನ ಮೇಲಿದ್ದ ಚೂರನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತಿಕೊಂಡಳು.

"ಸಾರ್," ಎಂದಳು ತಣ್ಣಗೆ, "ಮೂಲೆಮನೆ ವಿಷಯ ನಾನು ಕ್ಲಾಸಲ್ಲಿ ಉಸಿರೇ ಎತ್ತಿಲ್ಲ."

ಮೇಷ್ಟ್ರು ಎದ್ದು, ಆಗಲೇ ಒರೆಸಿದ್ದ ಬೋರ್ಡನ್ನು ಮತ್ತೆ ಒರೆಸತೊಡಗಿದರು.

*

ಅವಳ ಹಳೇ ವ್ಯಾನು ಸಿಮೆಂಟು ಚೀಲಗಳ ವಾಸನೆ ಹೊತ್ತು ಓಡುತ್ತಿತ್ತು. ಹಿಂದೆ ಸಿಂಕು ಒಂದು ಪ್ರತಿ ತಿರುವಿನಲ್ಲೂ ಡಬ್ ಎನ್ನುತ್ತಿತ್ತು.

"ಮೂಲೆಮನೆ ನಾನು ಕೊಳ್ತೀನಿ ಅಂತ ಗೊತ್ತಿದ್ದಿದ್ದು ನಿಮ್ಮ ಮಗನಿಗೆ. ನಿಮಗೆ. ಅಕ್ಕನಿಗೆ. ಮುಗೀತು."

"ನನ್ನ ಮುಖ ಯಾಕೆ ನೋಡ್ತೀಯ? ರಸ್ತೆ ನೋಡು."

"ಸುಮ್ಮನೆ ಲೆಕ್ಕ ಹಾಕ್ತಿದೀನಿ ಅತ್ತೆ."

"ನನ್ನ ಮಗ ಯಾರಿಗಾದ್ರೂ ಬಾಯಿ ಬಿಟ್ಟಿರ್ತಾನೆ. ಅವನ ಬಾಯಿಗೆ ಬಾಗಿಲೇ ಇಲ್ಲ, ಅವರಪ್ಪನ ಹಾಗೆ." ಅತ್ತೆ ಸೆರಗು ಸರಿಮಾಡಿಕೊಂಡರು. "ಮೊದಲು ಮಗುನ ಶಾಲೆಯಿಂದ ಕರ್ಕೊಂಡು ಮನೆಗೆ ಹೋಗೋಣ. ಆಮೇಲೆ ನೋಡಿದ್ರಾಯ್ತು."

"ಇವತ್ತು ಅವರಪ್ಪ ಕರ್ಕೊಂಡು ಬರ್ತಾರೆ."

"ಅವನಿಗೆ ಮಗ ಯಾವ ಕ್ಲಾಸು ಅಂತಾನೂ ಗೊತ್ತಿಲ್ಲ!"

"ಗೇಟಲ್ಲಿ ನಿಂತ್ರೆ ಮಗನೇ ಅಪ್ಪನ್ನ ಗುರುತು ಹಿಡೀತಾನೆ ಬಿಡಿ."

ಬೇರೆ ದಿನವಾಗಿದ್ದರೆ ಅತ್ತೆ ನಗುತ್ತಿದ್ದರು. ಕೀಲಿಯಮ್ಮ ಅದನ್ನು ಗಮನಿಸಲಿಲ್ಲ. ಅವಳ ತಲೆಯಲ್ಲಿ ಒಂದೇ ಮಾತು ಓಡುತ್ತಿತ್ತು: ಸಂಜೆಯವರೆಗೆ ಯಾಕೆ ಕಾಯಬೇಕು? ಲೈಸೆನ್ಸ್ ಕೈಲಿದೆ. ಬ್ರೋಕರ್ ಬೇಕಿಲ್ಲ, ಮೇಷ್ಟ್ರು ಬೇಕಿಲ್ಲ. ನೇರವಾಗಿ ಮಾಲೀಕರ ಎದುರು ಕೂತು ತಾನೇ ಬೆಲೆ ಹೇಳಬಹುದು. ಆ ಗಿರಾಕಿ ಯಾರೇ ಆಗಿರಲಿ, ಅವರು ಬರುವ ಮೊದಲು!

ಮೂಲೆಮನೆಯ ಮುಂದೆ ವ್ಯಾನು ಕಿರ್ರೆಂದು ನಿಂತಿತು. ಅಕ್ಕನ ಅಂಗಡಿಯ ಶಟರು ಅರ್ಧ ಇಳಿದಿತ್ತು. ಊಟಕ್ಕೆ ಹೋಗಿರಬೇಕು. ಒಳ್ಳೆಯದೇ ಆಯಿತು, ಮುಗಿಸಿಕೊಂಡು ಬಂದು ಒಮ್ಮೆಲೇ ಸುದ್ದಿ ಹೇಳಬಹುದು ಅಂದುಕೊಂಡಳು. ಅಕ್ಕನ ಮುಖ ಆಗ ಹೇಗಾಗಬಹುದೆಂದು ಯೋಚಿಸುತ್ತಾ ಎರಡೆರಡು ಮೆಟ್ಟಿಲು ಹಾರಿ ಹತ್ತಿದಳು. ಅತ್ತೆ ಹಿಂದೆ ಗೋಡೆ ಹಿಡಿದು ಹತ್ತುತ್ತಿದ್ದರು.

ಮಾಲೀಕರು ಕಿಟಕಿಯ ಬಳಿ ಕಂಬಳಿ ಹೊದ್ದು ಕೂತಿದ್ದರು. ವಯಸ್ಸಾದವರು, ಆದರೆ ಕಣ್ಣು ಚುರುಕು.

ಅವಳು ಉಸಿರು ಎಳೆದುಕೊಂಡಳು. ಲೈಸೆನ್ಸ್ ಬಂದ ಮೇಲೆ ಆಡುವ ಮೊದಲ ಮಾತು. ಸರಿಯಾಗಿಯೇ ಆಡಬೇಕು.

"ಯಜಮಾನರೇ, ಮೊದಲೇ ಹೇಳಿಬಿಡ್ತೀನಿ. ನನಗೆ ಮನೆ ಮಾರಾಟದ ಲೈಸೆನ್ಸ್ ಇದೆ. ನಾನು ಯಾರ ಪರವಾಗಿಯೂ ಬಂದಿಲ್ಲ. ಈ ಮನೆ ಕೊಳ್ತಿರೋದು ನಾನೇ."

ಮುದುಕರು ಅವಳನ್ನು ಮೇಲಿಂದ ಕೆಳಗೆ ನೋಡಿ ಗಹಗಹಿಸಿ ನಕ್ಕರು.

"ಇದೇನಮ್ಮ, ಲೈಸೆನ್ಸ್ ಇರೋರೆಲ್ಲ ಇದೇ ಪಾಠ ಒಪ್ಪಿಸಬೇಕಾ? ಈಗ ತಾನೇ ಇನ್ನೊಬ್ಬರೂ ಅಕ್ಷರ ಬಿಡದೆ ಇದನ್ನೇ ಹೇಳಿದ್ರು."

"ಇನ್ನೊಬ್ಬರಾ? ಇಲ್ಲಿಗೇ ಬಂದಿದ್ರಾ?"

"ಬಂದಿದ್ರಾ ಏನು, ಇಲ್ಲೇ ಇದಾರೆ. ಕಾಗದಕ್ಕೆ ಸಹಿ ಹಾಕೋಕೆ ನನ್ನ ಕನ್ನಡಕ ಹುಡುಕ್ತಾ ಇದಾರೆ." ಒಳಗಿನ ಕೋಣೆಯ ಕಡೆ ತಿರುಗಿ ಕೂಗಿದರು. "ಸಿಕ್ತೇನಮ್ಮಾ?"

ಪರದೆ ಸರಿಯಿತು.

ಕುತ್ತಿಗೆಗೆ ಅಳತೆ ಟೇಪು ಇಳಿಬಿಟ್ಟುಕೊಂಡು, ಕೈಯಲ್ಲಿ ಕನ್ನಡಕ ಹಿಡಿದುಕೊಂಡು, ಅಕ್ಕ ಹೊರಗೆ ಬಂದಳು.

ಅಕ್ಕನ ಮುಖದಲ್ಲಿ ಗಾಬರಿಯಿರಲಿಲ್ಲ. ಬಹಳ ದಿನದಿಂದ ಕಾಯುತ್ತಿದ್ದ ಬಸ್ಸು ಕೊನೆಗೂ ಬಂದಂತಹ ಆಯಾಸ ಇತ್ತು.

"ಅಕ್ಕಾ, ನಿನಗೆ... ಲೈಸೆನ್ಸಾ?"

"ನಿನಗಿಂತ ಮುಂಚಿನಿಂದ ಇದೆ ಪುಟ್ಟಿ."

"ಆ ಮನೆಗಳೆಲ್ಲ?"

"ನಾನೇ."

"ನಿನಗೋಸ್ಕರ ಅಲ್ವೇನೇ ನಾನು ಓಡಾಡ್ತಿರೋದು! ನಿನ್ನ ಅಂಗಡಿ ಉಳಿಸೋಕೆ!" ಅವಳ ದನಿ ಮಗನ ದನಿಯಂತೆ ಚೂರಾಯಿತು. "ನನ್ನ ಕೈಯಿಂದ ಯಾಕೆ ಕಿತ್ಕೊಂಡೆ? ಅಷ್ಟೊಂದು ದುಡ್ಡು ಎಲ್ಲಿಂದ ಬಂತು ನಿನಗೆ?"

ಅಕ್ಕ ಕನ್ನಡಕವನ್ನು ಮಾಲೀಕರ ಮಡಿಲಲ್ಲಿಟ್ಟಳು. ತಂಗಿಯ ಹೆಗಲ ಮೇಲಿಂದ ಬಾಗಿಲ ಕಡೆ ನೋಡಿದಳು.

"ನಾನು ಹೇಳಲ್ಲ. ಈ ಕಸುಬು ಬಿಟ್ಟು ನೀನು ಮನೇಲಿರಲಿ ಅಂತ ದುಡ್ಡು ಕೊಟ್ಟೋರನ್ನೇ ಕೇಳು. ಏದುಸಿರು ಬಿಡ್ತಾ ನಿನ್ನ ಹಿಂದೇನೇ ನಿಂತಿದಾರೆ."

ಕೀಲಿಯಮ್ಮ ತಿರುಗಿದಳು.

ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿದ್ದ ಅತ್ತೆ, ಯಾವ ಮಾತಿಗೂ ಎದುರು ಮಾತಿಲ್ಲದೆ ಇರದ ಅತ್ತೆ, ತುಟಿ ಒತ್ತಿಕೊಂಡು ನೆಲ ನೋಡುತ್ತಿದ್ದರು.